ಅಳಿಯನ ಪಥ್ಯ

ಬೀದಿಯವರೆಲ್ಲ ಅವನನ್ನು ದಿಂಬಣ್ಣ ಎನ್ನುತ್ತಿದ್ದರು. ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಸ್ಪಂಜು ತುಂಬಿ ಬಟ್ಟೆ ಹೊಲಿಯುವುದು ಅವನ ಕಸುಬು. ತುಂಬಬೇಕಾದ್ದರಲ್ಲಿ ಅರ್ಧ ತನ್ನ ಮೈಗೇ ತುಂಬಿಕೊಂಡಿದ್ದಾನೆ ಎಂಬುದು ಬೀದಿಯ ತಮಾಷೆ. ಅವನೂ ಜೊತೆಗೂಡಿ ನಗುತ್ತಿದ್ದ. ಆದರೆ ಬಗ್ಗಿ ಸೋಫಾದ ಕಾಲಿಗೆ ಮೊಳೆ ಹೊಡೆದರೆ ಏಳಲು ಇನ್ನೊಬ್ಬರ ಕೈ ಬೇಕಾಗತೊಡಗಿದಾಗ, ಮಲಗಿದರೆ ಉಸಿರೇ ಸಿಕ್ಕಿಕೊಳ್ಳತೊಡಗಿದಾಗ, ನಗು ಸಾಕಾಯಿತು. ಡಾಕ್ಟರು ತೂಕ ಇಳಿಸುವ ಆಪರೇಷನ್ ಮಾಡಿದರು; ಅವನ ಜಠರವನ್ನು ನಿಂಬೆಹಣ್ಣಿನಷ್ಟು ಮಾಡಿ, ಕರುಳಿಗೆ ಜೋಡಿಸಿ ಮನೆಗೆ ಕಳಿಸಿದರು. ಮೊದಲು ಬರೀ ತಿಳಿ, ಆಮೇಲೆ ನುಣ್ಣಗೆ ರುಬ್ಬಿದ್ದು, ಅದಾದ ಮೇಲೆ ಮೆತ್ತಗಿನದು. ಗುಟುಕು ಗುಟುಕಾಗಿ ಕುಡಿಯಬೇಕು, ಸಿಹಿ ಮುಟ್ಟಬಾರದು, ಸಾಕೆನಿಸಿದ ಕೂಡಲೇ ಕೈ ತೊಳೆಯಬೇಕು.

ಹೆಂಡತಿ ಸಿಟಿ ಬಸ್ಸಿನ ಡ್ರೈವರು. ರಜೆ ಮುಗಿದ ಮೇಲೆ ಡಿಪೋ ಬಿಡುವಂತಿರಲಿಲ್ಲ. ಹಗಲು ಹೊತ್ತು ಅವನನ್ನು ನೋಡಿಕೊಳ್ಳಲು ಅತ್ತೆ ಬಂದರು.

ಅತ್ತೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಜೀವ ಸವೆಸಿದವರು. ಅಳಿಯನೆಂದರೆ ಪ್ರಾಣ. ಆದರೆ ಇಷ್ಟು ವರ್ಷ ಅವರಿಬ್ಬರ ನಡುವೆ ನಡೆದ ಮಾತು ಮಾತ್ರ ಎರಡೇ. "ಇನ್ನೊಂಚೂರು ಹಾಕ್ಲಾ?" ಎಂದು ಅವರು, "ಹಾಕಿ ಅತ್ತೆ" ಎಂದು ಇವನು. ಮೊದಲ ಸಲ ಆ ಮನೆಯಲ್ಲಿ ಊಟಕ್ಕೆ ಕೂತಾಗ ಇವನು ಮೂರು ಸಲ ಹಾಕಿಸಿಕೊಂಡಿದ್ದ. ಅತ್ತೆ ಮಗಳ ಕಿವಿಯಲ್ಲಿ, "ಚಿನ್ನದಂಥ ಹುಡುಗ ಕಣೇ" ಎಂದಿದ್ದರಂತೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಆ ಗಾದೆಯ ಮೊದಲರ್ಧ ಇವನಿಗೆ ಒಲಿದಿರಲಿಲ್ಲ. ಎರಡನೆಯದು ಇಬ್ಬರಿಗೂ ಬೇಕಾಗಿರಲಿಲ್ಲ.

ಈಗ ಬಡಿಸಲು ಏನಿದೆ? ತರಕಾರಿ ಬೇಯಿಸಿ ಸೋಸಿದ ನೀರು, ಪುಟ್ಟ ಬಟ್ಟಲು, ಅದಕ್ಕಿಂತ ಪುಟ್ಟ ಚಮಚ. ಅತ್ತೆ ಎದುರಿನ ಕುರ್ಚಿಯ ಅಂಚಿನಲ್ಲಿ ಕೂತು ಅವನ ಗಂಟಲನ್ನೇ ನೋಡುತ್ತಿದ್ದರು. ಅವನು ಒಂದು ಗುಟುಕು ಕುಡಿದು, ಅದು ಇಳಿಯಲಿ ಎಂದು ಕಾಯುತ್ತಿದ್ದ.

"ಸೆಕೆ ಅಲ್ವಾ ಅತ್ತೆ?"

"ಹ್ಞೂಂ. ಸೆಕೆ."

ಮತ್ತೊಂದು ಗುಟುಕು. ಬಟ್ಟಲು ಅರ್ಧವಾದಾಗ ಅವರ ಬಾಯಿ ರೂಢಿಯ ಮೇಲೆ "ಇನ್ನೊಂ..." ಎಂದು ಶುರು ಮಾಡಿ, ನಾಲಿಗೆ ಕಚ್ಚಿಕೊಂಡು ಸುಮ್ಮನಾಗುತ್ತಿತ್ತು.

ಅಳಿಯನ ಕೆನ್ನೆ ದಿನದಿನಕ್ಕೆ ಇಳಿಯುವುದನ್ನು ಕಂಡು ಅವರ ಕರುಳು ಚುರ್ ಎನ್ನುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾಗದೆ ಬೆಚ್ಚಗಿನ ಹಾಲು ತಂದು ಮುಂದಿಟ್ಟರು. "ಬರೀ ಹಾಲು. ತಿಳಿಯಾಗೇ ಇದೆ," ಎಂದರು, ಕೈಯೊರೆಸುವ ಬಟ್ಟೆಯನ್ನು ಹಿಂಡುತ್ತಾ.

ಮೊದಲ ಗುಟುಕಿಗೇ ಅವನಿಗೆ ಗೊತ್ತಾಯಿತು: ಗಟ್ಟಿ ಕೆನೆ, ಜೇನುತುಪ್ಪ. ಅಲ್ಲಿಗೇ ಲೋಟ ಕೆಳಗಿಡಬೇಕಿತ್ತು. ಆದರೆ ಅತ್ತೆಯ ಕಣ್ಣು ಹಬ್ಬದಂತೆ ಅರಳಿತ್ತು. ಅವನ ನಾಲಿಗೆಯೂ, ಸುಳ್ಳೇಕೆ, ಅತ್ತೆಯ ಪಕ್ಷ ಸೇರಿತ್ತು. ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ತಳ ಕಾಣುವವರೆಗೆ ಕುಡಿದ.

ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು. ಎದೆ ಡವಡವ. ಹೊಟ್ಟೆಯನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡಿದರು. ಕುರ್ಚಿಯಿಂದ ನೆಲಕ್ಕೆ ಜಾರಿದ.

"ಅಳಿಯಂದ್ರೇ! ಏನಾಯ್ತು ನಿಮಗೆ? ಅಳಿಯಂದ್ರೇ!" ಅತ್ತೆ ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಏಯ್, ಮಗಾ! ಕಣ್ಣು ಬಿಡೋ! ನಿನ್ನ ಹೆಂಡ್ತಿಗೆ ನಾನೇನು ಹೇಳ್ಲೋ!"

"ಎಷ್ಟು ಹಾಕಿದ್ರಿ ಜೇನು?" ಎಂದ ಅವನು, ಕಣ್ಣು ಮುಚ್ಚಿಕೊಂಡೇ.

"ಎರಡು ಚಮಚ."

ಅವನು ಒಂದು ಕಣ್ಣು ತೆರೆದು ಅವರನ್ನು ನೋಡಿದ.

"ನಾಲ್ಕು," ಎಂದರು ಅತ್ತೆ, ಬಿಕ್ಕುತ್ತಾ.

ಕೂಡಲೇ ಆಸ್ಪತ್ರೆಗೆ ಫೋನು ಮಾಡಿದರು. ಸಿಹಿ ಈಗ ನೇರ ಕರುಳಿಗೇ ನುಗ್ಗುತ್ತದೆ, ಅದಕ್ಕೇ ಹೀಗೆ, ಮಲಗಿಸಿ, ಕಡಿಮೆಯಾಗುತ್ತದೆ, ಆಗದಿದ್ದರೆ ಕರೆತನ್ನಿ, ಇನ್ನೊಮ್ಮೆ ಮಾತ್ರ ಮಾಡಬೇಡಿ ಎಂದಳು ನರ್ಸು. ಸಂಜೆಯ ಹೊತ್ತಿಗೆ ಅವನು ಎದ್ದು ಕೂತ. ಹೆಂಡತಿಗೆ ಹೇಳುವುದು ಬೇಡ ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಆದರೆ ಅವಳು ಬಾಗಿಲಲ್ಲಿ ಶೂ ಬಿಚ್ಚುವ ಮೊದಲೇ ಅತ್ತೆ, "ನಿನ್ನ ಗಂಡನಿಗೆ ಇವತ್ತು ವಿಷ ಹಾಕ್ಬಿಟ್ಟೆ ಕಣೇ!" ಎಂದು ಅತ್ತರು.

"ನಾನೂ ಗೊತ್ತಿದ್ದೇ ಕುಡಿದೆ," ಎಂದ ಅವನು ಒಳಗಿನಿಂದ.

ಎಲ್ಲ ಕೇಳಿಕೊಂಡು ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಬಸ್ಸು ತುಂಬಾ ಜನ ಸುಮ್ನೆ ಕೂತ್ಕೊಂಡು ಬರ್ತಾರೆ. ಮನೇಲಿರೋ ಎರಡು ಜೀವ ಬಿಟ್ಟು ಹೋಗೋ ಹಾಗಿಲ್ವಲ್ಲಪ್ಪ!" ಗದರಿದವಳು, ಗಂಡನ ಪಕ್ಕ ಕೂತು ಅವನ ಹಣೆ ಮುಟ್ಟಿ ನೋಡಿ, ಆಮೇಲೆ ಅಮ್ಮನ ಹಣೆಯನ್ನೂ ಮುಟ್ಟಿದಳು.

ಮರುದಿನ ಅತ್ತೆ ಬಟ್ಟಲು ಅವನ ಕೈಗೆ ಕೊಟ್ಟವರು ಎದುರು ಕೂರಲಿಲ್ಲ. "ನಾನು ನೋಡ್ತಾ ಕೂತ್ರೆ ನೀನು ನನ್ನ ಮುಖಕ್ಕೋಸ್ಕರ ನುಂಗ್ತೀಯ. ನನಗೂ ಏನಾದ್ರೂ ಕೆಲಸ ಕೊಡು." ನಿನ್ನೆ ಗಾಬರಿಯಲ್ಲಿ ಬಂದ 'ನೀನು' ಹಾಗೇ ಉಳಿದುಬಿಟ್ಟಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನು ಬಾಗಿದ ಸೂಜಿ ಕೊಟ್ಟು ದಿಂಬಿನ ಗುಂಡಿ ಹೊಲಿಯುವುದನ್ನು ತೋರಿಸಿಕೊಟ್ಟ. ಅತ್ತೆಯ ಮೊದಲ ಹೊಲಿಗೆ ಕುಡುಕ ನಡೆದ ದಾರಿಯಂತಿತ್ತು. ಅವನು ಕೂತಲ್ಲಿಂದಲೇ, "ಬಿಗಿ ಮಾಡಿ ಅತ್ತೆ, ಇನ್ನೂ ಬಿಗಿ," ಎನ್ನುತ್ತಿದ್ದ, ಎರಡು ಮಾತಿನ ನಡುವೆ ಒಂದು ಗುಟುಕು. ಕೈಗೆ ಕೆಲಸ ಸಿಕ್ಕಿದ್ದೇ ಅತ್ತೆಯ ಬಾಯಿಗೆ ಬಿಡುಗಡೆಯಾಯಿತು. ಹಾಸ್ಟೆಲಿನ ಕಥೆ, ಬೇಯಿಸಿದ ಆಲೂಗಡ್ಡೆಯನ್ನು ಟೋಪಿಯಲ್ಲಿ ಬಚ್ಚಿಟ್ಟು ತಲೆ ಸುಟ್ಟುಕೊಂಡ ವಾರ್ಡನ್ನಿನ ಕಥೆ. ಇವನು ನಕ್ಕು ನಕ್ಕು ಹೊಲಿಗೆ ಹಾಕಿದ ಹೊಟ್ಟೆಯನ್ನು ಹಿಡಿದುಕೊಂಡ.

ಒಂದು ದಿನ ಅವನೂ ಬಾಯಿ ಬಿಟ್ಟ. "ಅತ್ತೆ, ಆ ಮೊದಲನೇ ದಿನ ಮೂರನೇ ಸಲ ಹಾಕಿಸ್ಕೊಂಡಿದ್ದು ಹಸಿವಿಗಲ್ಲ. ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ."

ಅತ್ತೆಯ ಸೂಜಿ ನಿಂತಿತು. "ಅಯ್ಯೋ ನನ್ನಪ್ಪಾ! ಅದು ನನ್ನ ಪಾಲು ಕಣೋ. ನೀನು ಬೇಡ ಅಂದಿದ್ರೆ ಆವತ್ತು ನಾನು ನೀರು ಕುಡ್ಕೊಂಡು ಮಲಗ್ತಿರಲಿಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅತ್ತೆಗೆ ನಗು ತಡೆಯಲಾಗದೆ ಗುಂಡಿಯೊಂದು ಕೈಜಾರಿ ಕಪಾಟಿನಡಿ ಉರುಳಿಹೋಯಿತು.

ಮೆತ್ತಗಿನದು ತಿನ್ನಬಹುದೆಂದು ಡಾಕ್ಟರು ಅಪ್ಪಣೆ ಕೊಟ್ಟ ದಿನ ಅತ್ತೆ ಒಂದು ಮೊಟ್ಟೆ ಬೇಯಿಸಿ ತಂದರು. ತಟ್ಟೆ ಇಟ್ಟವರು ತಮ್ಮ ದಿಂಬಿಗೆ ಮರಳಿದರು. ಅವನು ಚೂರು ಚೂರೇ ಬಾಯಿಗಿಟ್ಟು, ಹಿಟ್ಟಾಗುವಷ್ಟು ಅಗಿದ. ಎಷ್ಟೋ ದಿನಗಳ ಮೇಲೆ ಹಲ್ಲಿಗೆ ಕೆಲಸ ಸಿಕ್ಕಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಎದೆಯ ಕೆಳಗೆ ಮೆಲ್ಲಗೆ ಬಿಗಿಯಿತು.

"ಸಾಕು ಅತ್ತೆ."

"ಸಾಕಾ? ಸರಿ ಬಿಡು," ಎಂದು ಅತ್ತೆ ಕೈಚಾಚಿ, ಉಳಿದರ್ಧವನ್ನು ತಾವೇ ಬಾಯಿಗೆ ಹಾಕಿಕೊಂಡರು. ಅಗಿಯುತ್ತಾ ಹುಬ್ಬು ಗಂಟಿಕ್ಕಿದರು. "ಉಪ್ಪೇ ಇಲ್ವಲ್ಲೋ! ಹೇಳೋದಲ್ವಾ?"

"ಹೇಳಿದ್ರೆ ಇನ್ನೊಂದು ಬೇಯಿಸ್ತೀರಲ್ಲ," ಎಂದ ದಿಂಬಣ್ಣ.