ಬಸ್‌ಸ್ಟಾಪಿನ ಪೆಟ್ಟಿಗೆ

ಪಣಕಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಶಿವಮಲ್ಲು ಎರಡು ಸ್ಪೀಕರ್ ಪೆಟ್ಟಿಗೆ ಇಡುತ್ತಾನೆ. ಒಂದು ಸಾವಿನ ಮನೆಯ ಮುಂದೆ, ಇನ್ನೊಂದು ಮೇಲಿನ ಬೀದಿಯ ಕೊನೆಯ ಬಸ್‌ಸ್ಟಾಪಿನಲ್ಲಿ. ಹೆಣ ಎತ್ತುವವರೆಗೆ ತತ್ವಪದ ಕೇಳುತ್ತಿರಬೇಕು. ಎತ್ತಿದೊಡನೆ ಎರಡೂ ನಿಲ್ಲಬೇಕು. ದೂರದಿಂದ ಬಂದವರು ಬಸ್ಸಿಳಿದು ಮೊದಲು ಕಿವಿಗೊಡುವುದು ಅದಕ್ಕೇ. ಹಾಡು ಕೇಳಿದರೆ, ಮುಖ ನೋಡಲು ಇನ್ನೂ ಹೊತ್ತಿದೆ.

ಜೊತೆಗಾರ ರಾಚ ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದ ಮೇಲೆ ಹಳೆಯ ಹದಿನೈದು ಇಂಚಿನ ಪೆಟ್ಟಿಗೆಗಳನ್ನು ಎತ್ತಲು ಶಿವಮಲ್ಲುವಿಗೆ ಆಗುತ್ತಿರಲಿಲ್ಲ. ಆಗಲೇ ಒಂದೆರಡು ಸಾವಿಗೆ ಬರುವುದಿಲ್ಲ ಎಂದಿದ್ದ. ಹೀಗೇ ಹೇಳುತ್ತಿದ್ದರೆ ಜನ ತಾಳವಾಡಿಯಿಂದ ಬೇರೆಯವರನ್ನು ಕರೆಸುತ್ತಾರೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ ಅವನಿಗೆ ನಾಲ್ಕು ಜನರ ನಡುವೆ ನಿಲ್ಲಲು ಈ ಕೆಲಸವೊಂದೇ ಉಳಿದಿತ್ತು.

ಚಾಮರಾಜನಗರದಲ್ಲಿ ಸೌಂಡ್ ಅಂಗಡಿ ಇಟ್ಟಿದ್ದ ಮಹದೇವಪ್ರಸಾದ್ ಎರಡು ಪೆಟ್ಟಿಗೆ ತೋರಿಸಿದ.

"ಇದು ಪ್ಯಾಸಿವ್ವು, ಅನ್ನೆರಡಿಂಚು. ಆಂಪ್ಲಿಫೈಯರಿಂದ ಇದ್ಕೆ ವಯರ್ ಎಳೀಬೇಕು. ಇದು ಪವರ್ಡು, ಅತ್ತಿಂಚು. ಆಂಪ್ಲಿಫೈಯರು ಒಟ್ಟೆಯೊಳಗೇ ಅದೆ. ಕರೆಂಟ್ ಕೊಡು, ಪೆನ್‌ಡ್ರೈವ್ ಚುಚ್ಚು, ತಾನೇ ಒದರ್ತದೆ."

"ಪವರ್ಡಲ್ಲಿ ದೊಡ್ಡದಿಲ್ವಾ ಅಣ್ಣ?"

"ಅದೆ. ಪ್ಯಾಸಿವ್ವಿಗಿಂತ ಭಾರ. ಮದ್ವೆ ಆಗ್ಲಾ, ಎಡ್ತಿ ಒಂದ್ ಕಡೆ ಇಡ್ಕತಾಳೆ, ಆಗ ಕೊಡ್ತೀನಿ."

ಶಿವಮಲ್ಲು ನಕ್ಕ ಹಾಗೆ ಮಾಡಿದ. ಒಂದು ಕೆಲಸಕ್ಕೆ ಹಾಕಿ ನೋಡಿ ಬರುತ್ತೇನೆಂದು ಹತ್ತಿಂಚಿನ ಜೋಡಿಯನ್ನು ತಂದ.

ಆ ವಾರವೇ ಅವನ ಬೀದಿಯ ಚಿಕ್ಕಸಿದ್ದ ತೀರಿಕೊಂಡ. ಒಂದು ಪೆಟ್ಟಿಗೆಯನ್ನು ಅಲ್ಲಿಟ್ಟು ಇನ್ನೊಂದನ್ನು ಬೈಕಿನಲ್ಲಿ ಬಸ್‌ಸ್ಟಾಪಿಗೆ ಒಯ್ದ. ಹಳೆಯ ಪೆಟ್ಟಿಗೆಗೆ ವಯರ್ ಎಳೆಯುತ್ತಿದ್ದಾಗ ಕರೆಂಟು ಆಂಪ್ಲಿಫೈಯರಿಗಷ್ಟೇ ಬೇಕಿತ್ತು, ಅದು ತಮ್ಮ ಬೀದಿಯಲ್ಲೇ ಸಿಗುತ್ತಿತ್ತು. ಈಗ ಸ್ಟಾಪಿನ ಪಕ್ಕದ ಶಿವಮಲ್ಲಮ್ಮನವರ ಜಗಲಿಯ ಕೆಳಗೆ ನಿಂತು ಕೇಳಬೇಕಾಯಿತು.

"ಚಿಕ್ಕಸಿದ್ದನಾ? ಅಯ್ಯೋ ಪಾಪ, ನಮ್ಮೊಲದಲ್ಲೇ ಕೂಲಿ ಕೇಮೆ ಮಾಡ್ದೋನು," ಎಂದರು ಆಕೆ. "ವಯರ್ ಇತ್ತ ಕೊಡು. ನೀನ್ ಮ್ಯಾಲತ್ಬ್ಯಾಡ, ನಾನೇ ಚುಚ್ತೀನಿ."

ಅವನು ಮೇಲೆ ಹತ್ತಲಿಲ್ಲ. ಪೆಟ್ಟಿಗೆ ಹಾಡತೊಡಗಿದ ಮೇಲೆ ಸಾವಿನ ಮನೆಗೆ ಹಿಂದಿರುಗಿದ.

ಅಲ್ಲಿ ಎಲ್ಲರೂ ಸತ್ಯಮಂಗಲದ ಕಡೆ ಮದುವೆಯಾಗಿದ್ದ ಮಗಳು ಪರಿಮಳಳಿಗಾಗಿ ಕಾಯುತ್ತಿದ್ದರು. ಅವಳ ಫೋನು ಆಫ್ ಆಗಿತ್ತು. ಬಸ್ಸಿನ ಹೊತ್ತು ಮೀರಿತು.

"ಇನ್ನೆಷ್ಟೊತ್ತು ಮಡಗೋದು ಕಣಕ್ಕ? ಬಿಸ್ಲು ಏರ್ತಾ ಅದೆ," ಎಂದು ಯಾರೋ ಅಂದರು.

"ಇನ್ನೊಂಚೂರು ತಡೀರಪ್ಪಾ," ಎಂದಳು ಹೆಂಡತಿ ಕೆಂಚಮ್ಮ.

ಶಿವಮಲ್ಲು ಬಸ್‌ಸ್ಟಾಪಿನವರೆಗೆ ನೋಡಿಕೊಂಡು ಬರಲು ಹೊರಟ. ಶಿವಮಲ್ಲಮ್ಮನವರ ಮನೆಗೆ ಬೀಗ ಬಿದ್ದಿತ್ತು. ಪೆಟ್ಟಿಗೆ ಸುಮ್ಮನಿತ್ತು. ಅದಕ್ಕೆ ಒರಗಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಪರಿಮಳ ನೆಲದಲ್ಲಿ ಕುಳಿತಿದ್ದಳು. ಅತ್ತು ಮುಗಿಸಿದವಳಂತಿದ್ದಳು.

"ಎತ್ಬುಟ್ರಾ ಅಣ್ಣಾ?"



"ಇಲ್ಲ ಕಣವ್ವ. ನಿಂಗೇ ಕಾಯ್ತಾವ್ರೆ. ಓಗು, ಬೇಗ ಓಗು."

"ಏನೂ ಕೇಳ್ನಿಲ್ವಲ್ಲ... ಮುಗೀತು ಅಂತ ಇಲ್ಲೇ ಕುಂತ್ಬುಟ್ಟೆ," ಎನ್ನುತ್ತಲೇ ಅವಳು ಎದ್ದು ಓಡಿದಳು. ಬ್ಯಾಗು ಅಲ್ಲೇ ಉಳಿಯಿತು.

ಅವಳಿಗೆ ಅಪ್ಪನ ಮುಖ ನೋಡಲು ಸಿಕ್ಕಿತು. ಪೆಟ್ಟಿಗೆಯ ಮಾತು ಯಾರೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಶಿವಮಲ್ಲುವಿಗೆ ಹಗುರವಾಗುತ್ತಿತ್ತೇನೋ.

ಸಂಜೆ ಮೆಕ್ಕೆಜೋಳದ ಹೊಲದಿಂದ ಬಂದ ಶಿವಮಲ್ಲಮ್ಮ ನಾಲಿಗೆ ಕಚ್ಚಿಕೊಂಡರು. "ಒಲಕ್ಕೋಗುವಾಗ ಮೇನ್ ಸ್ವಿಚ್ ಆರ್ಸೋದು ನಂಗೆ ರೂಢಿ ಕಣಪ್ಪ. ಗ್ಯಾನವೇ ಇರ್ನಿಲ್ಲ."

"ಪರ್ವಾಗಿಲ್ಲ ಕಣ್ರವ್ವ," ಎಂದು ಅವನು ಜಗಲಿಯ ಕೆಳಗೇ ನಿಂತು, ಆಕೆ ಕಿತ್ತುಕೊಟ್ಟ ವಯರನ್ನು ಸುತ್ತಿಕೊಂಡ.

ಮರುದಿನ ಶಿವಮಲ್ಲು ಹತ್ತಿಂಚಿನ ಜೋಡಿಯನ್ನು ಅಂಗಡಿಗೆ ವಾಪಸು ಒಯ್ದ. "ಯಾಕ್ಲಾ, ಸೌಂಡ್ ಸಾಲ್ದಾ?" ಎಂದು ಮಹದೇವಪ್ರಸಾದ್ ಕೇಳಿದ.

"ಸೌಂಡ್ ಚೆನ್ನಾಗದೆ." ಶಿವಮಲ್ಲು ಹನ್ನೆರಡಿಂಚಿನ ಪ್ಯಾಸಿವ್ ಜೋಡಿಯತ್ತ ಕೈ ತೋರಿಸಿದ.

"ಅಷ್ಟುದ್ದ ವಯರು ಒಬ್ನೇ ಎಳ್ದೀಯಾ?"

"ಎಳೀತೀನಿ."

ಮುಂದಿನ ಸಾವಿಗೆ ಅವನು ಬೆಳಕು ಹರಿಯುವ ಮುಂಚೆಯೇ ಏಣಿ ಹೊತ್ತ. ಒಂದು ಮರಕ್ಕೆ ಒರಗಿಸಿ, ಹತ್ತಿ, ವಯರು ಕಟ್ಟಿ, ಇಳಿದು, ಮುಂದಿನ ಮರಕ್ಕೆ ಏಣಿ ಸಾಗಿಸಿದ. ಸ್ಟಾಪಿನಲ್ಲಿ ಪೆಟ್ಟಿಗೆಗೆ ಸಿಕ್ಕಿಸಿ, ವಾಪಸು ಬಂದು ಆಂಪ್ಲಿಫೈಯರ್ ಹಾಕಿದ. ಅತ್ತ ಕೇಳುತ್ತಿದೆಯೋ ಇಲ್ಲವೋ ಹೇಳುವವರಿರಲಿಲ್ಲ. ಮತ್ತೆ ಅಲ್ಲಿಯವರೆಗೆ ನಡೆದ.

ಕೇಳುತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಖಾಲಿ ರಸ್ತೆಯಲ್ಲಿ ಅವನು ಒಂದು ತತ್ವಪದ ಮುಗಿಯುವವರೆಗೆ ನಿಂತು ಕೇಳಿದ.