ಸಂಡಿಗೆ ತೆಗೆದ ಹೊತ್ತು

"ಇವತ್ತೇ ಇಳೀತೀಯೋ, ನಾಳೆವರೆಗೂ ಆಟ ಆಡಿಸ್ತೀಯೋ?"

ಪರ್ವ ಓದುವ ನರಹರಯ್ಯನವರು ಹೀಗೆಂದಾಗ ಅವರ ಮನೆಯ ಮಾಳಿಗೆಯ ಮೇಲೆ ತಂಬೂರಿಯ ತಂತಿ ಬಿಗಿಯುತ್ತಿದ್ದ ನಾನೊಬ್ಬನೇ ಇದ್ದೆ. ಆದರೆ ಅವರು ಕೇಳಿದ್ದು ನನ್ನನ್ನಲ್ಲ. ಅವರ ಕಣ್ಣು ಎರಡು ಗುಡ್ಡಗಳ ನಡುವಿನ ಕಣಿವೆಯ ಮೇಲಿತ್ತು. ಅಲ್ಲಿ ಬೆಳ್ಳನೆಯ ಮೋಡವೊಂದು ಹೂಕೋಸಿನ ಹಾಗೆ ಉಬ್ಬುಬ್ಬಿ ಆಗಷ್ಟೇ ತಲೆಯೆತ್ತಿತ್ತು. ದೇವರೊಡನೆ ಮಾತಾಡುತ್ತಿದ್ದಾರೆ ಎಂದುಕೊಂಡೆ. ಕೈ ತಾನಾಗಿ ಮುಗಿಯಿತು.

ನಮ್ಮೂರಿನ ಹವೆಯನ್ನು ನಂಬುವಂತಿರಲಿಲ್ಲ. ಬೆಳಗಿನ ಕೆರೆಗಾಳಿ ಮಧ್ಯಾಹ್ನಕ್ಕೆ ಸತ್ತುಹೋಗುತ್ತಿತ್ತು. ಬಂಡೆಗಳ ಕಾವು ಮೇಲೇಳುತ್ತಿತ್ತು; ಕಣಿವೆಯಿಂದ ನುಗ್ಗಿದ ತೇವದ ಗಾಳಿ ಆ ಕಾವಿಗೆ ಸಿಕ್ಕಿ ಮೋಡವಾಗಿ ನಿಲ್ಲುತ್ತಿತ್ತು. ಎಷ್ಟೋ ಸಲ ನಿಂತದ್ದು ಹಾಗೆಯೇ ಕರಗುತ್ತಿತ್ತು. ಕೆಲವು ಸಲ ಮಾತ್ರ ನೆತ್ತಿ ಚಪ್ಪಟೆಯಾಗಿ, ಹೊಟ್ಟೆ ಕಪ್ಪಾಗಿ, ಊರ ಮೇಲೆ ಕವುಚಿಕೊಳ್ಳುತ್ತಿತ್ತು. ಮಳೆ ತಡವಾದ ವರ್ಷ ಮಂಟಪದಲ್ಲಿ ನರಹರಯ್ಯನವರಿಂದ ಭಾರತದ ಪರ್ವ ಓದಿಸುವುದು ಪದ್ಧತಿ. ಓದು ಮಳೆಯ ಅಧ್ಯಾಯಕ್ಕೆ ಬಂದ ದಿನ ಮಳೆ ಬಂದೇ ತೀರುತ್ತಿತ್ತು. ಆಮೇಲೆ ಇಟ್ಟಿಗೆಗೂಡಿನವರು ಆ ಹೊಸನೀರನ್ನು ಕೊಡದಲ್ಲಿ ಹಿಡಿದು ತಂದು ಅವರ ಪಾದ ತೊಳೆಯಬೇಕು.

ಅಂದು ಮಧ್ಯಾಹ್ನ ಗೂಡಿನ ದ್ಯಾವಮ್ಮ ಅಂಗಳಕ್ಕೆ ಬಂದಳು. ಗಂಡ ಹೋದ ಮೇಲೆ ಒಬ್ಬಳೇ ಗೂಡು ನಡೆಸುತ್ತಿದ್ದವಳು.

"ಅಯ್ನೋರೇ, ಇವತ್ತು ಮಳೆ ಅಧ್ಯಾಯ ಓದ್ತೀರಾ? ಬೇಸ್ಗೆಯೆಲ್ಲ ಕೊಯ್ದ ಇಟ್ಟಿಗೆ, ಹಸೀವು, ಬಿಸ್ಲಿಗೆ ಹರವೀನಿ. ಓದಾದ್ರೆ ಹೇಳ್ಬುಡಿ, ತೆಂಗಿನ್ ಗರಿ ಹೊದುಸ್ತೀನಿ. ಇದೂ ಹೋದ್ರೆ ಗೂಡು ಬುಟ್ಟು ಊರೂರು ಅಲೀಬೇಕು ನಾನು."

"ಎಲ್ಲೀದೇ ದ್ಯಾವಿ! ಇನ್ನೂ ಕಾಳಗವೇ ಮುಗಿದಿಲ್ಲ. ಚೆನ್ನಾಗಿ ಒಣಗಲಿ ಬಿಡು."

"ಮೋಡ ಎದ್ದೈತಲ್ಲ?"

"ಮೋಡ ನನ್ನ ಕೇಳದೆ ಸುರಿಯುತ್ತೇನೇ?"

ಇಬ್ಬರೂ ನಕ್ಕರು. ಅವಳು ನಿಶ್ಚಿಂತೆಯಿಂದ ಹೊರಟಳು. ಮಾಳಿಗೆಯ ಮೇಲೆ ನರಹರಯ್ಯನವರ ಹೆಂಡತಿ ಸಂಡಿಗೆ ಬಟ್ಟೆಯ ತುದಿಗಳನ್ನು ಸೇರಿಸಿ ಗಂಟು ಕಟ್ಟುತ್ತಿದ್ದರು. ಸಂಡಿಗೆ ಇನ್ನೂ ಹಸಿಯಾಗಿತ್ತು, ಬಟ್ಟೆಗೆ ಅಂಟುತ್ತಿತ್ತು. ನಾನು ಅದಕ್ಕೆ ಮನಸ್ಸು ಕೊಡಲಿಲ್ಲ.

ಇಳಿಹೊತ್ತಿಗೆ ಓದು ಶುರುವಾಯಿತು. ಅಜ್ಜಿಯ ಬಾಯಲ್ಲಿ ಕೇಳುತ್ತ ಬೆಳೆದ ಪದ್ಯಗಳವು. ತಂಬೂರಿ ಮೀಟುತ್ತ ನಾನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದೆ. ಕಣಿವೆಯ ಮೋಡದ ನೆತ್ತಿ ಚಪ್ಪಟೆಯಾದ ಹಾಗೆಲ್ಲ ನನ್ನ ತುಟಿ ಒಂದು ಕಡೆ, ಅವರ ಕಂಠ ಇನ್ನೊಂದು ಕಡೆ ಆಯಿತು. ಒಂದು ಪದ್ಯ ಜಾರಿತೆಂದುಕೊಂಡೆ. ಆಮೇಲೆ ಕಾಳಗಕ್ಕೆ ಕಾಳಗವೇ ಹಾರಿಹೋಯಿತು. ಕಂಬಗಳ ನಡುವೆ ಫಕ್ಕನೆ ತಣ್ಣನೆಯ ಗಾಳಿ ನುಗ್ಗಿ ದೀಪ ನಡುಗಿತು. ನರಹರಯ್ಯನವರು ಓರೆಗಣ್ಣಿನಲ್ಲಿ ಗುಡ್ಡದ ಕಡೆ ನೋಡಿ, ಎಲೆಯಡಿಕೆಯ ರಸ ನುಂಗಿ, ಮಳೆಯ ಅಧ್ಯಾಯದ ಮೊದಲ ಪದ್ಯ ಎತ್ತಿಕೊಂಡರು. ಏನು ಕಂಠ! ಜನ ಕಣ್ಣು ತುಂಬಿಕೊಂಡರು. ನನಗೆ ಆಗ ಹೊಳೆಯಿತು. ಮಧ್ಯಾಹ್ನ ಅವರು ಮಾತಾಡಿದ್ದು ದೇವರೊಡನೆ ಅಲ್ಲ. ಬೇಟೆಗಾರ ಪೊದೆಯ ಕಡೆ ನೋಡುವಂತೆ ಮೋಡವನ್ನು ನೋಡಿದ್ದರು, ಅಷ್ಟೆ. ದ್ಯಾವಮ್ಮನಿಗೆ ಇವತ್ತೇ ಎಂದು ಹೇಳಿ ಮೋಡ ಕರಗಿದ್ದರೆ ಅವರ ಮಾತು ಸುಳ್ಳಾಗುತ್ತಿತ್ತು. ಅದಕ್ಕಿಂತ ಅವಳ ಇಟ್ಟಿಗೆ ಬಯಲಲ್ಲಿರುವುದೇ ವಾಸಿ ಎನಿಸಿತ್ತು ಅವರಿಗೆ.

ಧೂಳು ಸುತ್ತಿಕೊಂಡು ಎದ್ದಿತು. ಹಿಂದೆಯೇ ಆಲಿಕಲ್ಲು, ಆಮೇಲೆ ಕಣ್ಣು ಕಾಣದ ಮಳೆ.

"ಕರೆದೆ, ಬಂತು," ಎಂದರು ನರಹರಯ್ಯನವರು. ಜನ ಅವರಿಗೆ ಹೊದಿಸಿದ ಶಾಲಿನಿಂದ ಒದ್ದೆ ಉಣ್ಣೆಯ ಕಮಟು ಹೊಡೆಯುತ್ತಿತ್ತು. ಅದೇ ಬಾಯಿಂದ ಬಂದಿತೆಂಬ ಕಾರಣಕ್ಕೆ, ನಾನು ಪೂಜಿಸಿದ್ದ ಪದ್ಯವೂ ನನಗೆ ಎಂಜಲಿನಂತೆ ಅಸಹ್ಯವಾಯಿತು.

ಮಳೆ ನಿಂತಿತು. ಜನ ಕರೆಸಿದ ಮೇಲೆ ದ್ಯಾವಮ್ಮ ಕೊಡ ಹೊತ್ತು ಬಂದಳು. ಮೊಣಕೈವರೆಗೆ ಕೆಸರು. ಕೊಡದಲ್ಲಿದ್ದದ್ದು ಕೆಂಪು ಗಂಜಿಯಂಥ ನೀರು. ಅವಳ ಇಡೀ ಬೇಸಿಗೆ ಅದರಲ್ಲಿ ಕರಗಿತ್ತು. ನರಹರಯ್ಯನವರು ಬೆಳ್ಳಗೆ ಊದಿಕೊಂಡ ಪಾದವನ್ನು ಹಿತ್ತಾಳೆ ತಟ್ಟೆಯಲ್ಲಿ ಇಟ್ಟು ಕಾದರು.

"ಅಯ್ನೋರೇ," ಎಂದಳು ದ್ಯಾವಮ್ಮ, "ಮದ್ಯಾನ ಹೋಗ್ವಾಗ ತಿರುಗಿ ನೋಡ್ದೆ. ಅಂಥಾ ಬಿಸ್ಲಲ್ಲಿ ನಿಮ್ಮನೆ ಸಂಡಿಗೆ ಯಾಕೆ ತೆಗುದ್ರು ಅನ್ಕಂಡೆ."

ನರಹರಯ್ಯನವರ ಕಾಲ್ಬೆರಳು ತಟ್ಟೆಯಲ್ಲಿ ಒಮ್ಮೆ ಮುದುಡಿ ಬಿಚ್ಚಿಕೊಂಡಿತು.

"ಸಂಡಿಗೆ ಮಾತು ಈಗ್ಯಾಕೆ?" ಎಂದರು ಊರ ಹಿರಿಯ ಬಸಪ್ಪಶೆಟ್ಟರು, ತಗ್ಗಿದ ದನಿಯಲ್ಲಿ. "ಪದ್ಧತಿ ಬಿಡಬಾರದಮ್ಮ. ತೊಳಿ."

ಅವಳ ಬೆನ್ನ ಹಿಂದೆ, ಕಣಿವೆಯಲ್ಲಿ, ಏನೂ ಅರಿಯದಂತೆ ಇನ್ನೊಂದು ಬಿಳಿಯ ಮೋಡ ತಲೆಯೆತ್ತುತ್ತಿತ್ತು. ದ್ಯಾವಮ್ಮ ಕೊಡವನ್ನು ಸೊಂಟಕ್ಕೆ ಬಿಗಿಯಾಗಿ ಅವುಚಿಕೊಂಡಳು.

"ತೊಳೆಯಾಕಿಲ್ಲ."