ಮೂವತ್ತೆಂಟು ಮೆಟ್ಟಿಲು

ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಹೊಗಳಿದರೆ ಮೈ ಉರಿಯುತ್ತದೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನ್ನ ಕೆಲಸ. ಅಲ್ಲಿನ ಸೂಪರ್‌ವೈಸರಿಗೆ ಅದೇ ಚಾಳಿ. ಹೊಸಬರು ಯಾರೇ ಬರಲಿ, "ಇವರಿದ್ರೆ ಕಂಪ್ಯೂಟರೇ ಬೇಡ ನಮಗೆ" ಎಂದು ನನ್ನತ್ತ ಕೈ ತೋರಿಸುತ್ತಾರೆ. ಅಯ್ಯೋ, ಬೇಕಾದರೆ ತಗೊಂಡು ಹೋಗಿ ಸ್ವಾಮಿ, ಪುಕ್ಕಟೆ ಕೊಡುತ್ತೇನೆ!

ಹಾಗಂತ ಎಲ್ಲ ಎಣಿಕೆಯೂ ಕಾಟವಲ್ಲ. ಬೆಡ್‌ಶೀಟುಗಳನ್ನು ಮಡಿಸಿ ಇಪ್ಪತ್ತಿಪ್ಪತ್ತು ಪೇರಿಸುವಾಗ ಎಣಿಸುವುದು ನನಗಿಷ್ಟ. ಯಂತ್ರಗಳ ಗದ್ದಲ, ಟ್ಯೂಬ್‌ಲೈಟಿನ ಗುಂಯ್ ಸದ್ದು ಆಗ ಅಷ್ಟು ಚುಚ್ಚುವುದಿಲ್ಲ. ಅದು ಆಟಿಸಂನ ಎಣಿಕೆ, ಮೆಟ್ಟಿಲಿನದು ಓಸಿಡಿ ಎಂಬ ಗೀಳು ಕಾಯಿಲೆಯ ಎಣಿಕೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದು ನನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಎರಡಕ್ಕೂ ಮೊಂಡುತನ ಎನ್ನುತ್ತಿದ್ದರು.

ಮೆಟ್ಟಿಲಿನ ವಿಷಯ ಹೇಳುತ್ತೇನೆ. ಅಕ್ಕ, ನಾನು ಇಬ್ಬರೇ ಇರುವ ಮನೆ ಎರಡನೆಯ ಮಹಡಿಯಲ್ಲಿದೆ. ಮೂವತ್ತೆಂಟು ಮೆಟ್ಟಿಲು. ಮನೆಗೆ ಹತ್ತುವಾಗಲೂ ಎಣಿಸಬೇಕು, ಹೊರಡಲು ಇಳಿಯುವಾಗಲೂ ಎಣಿಸಬೇಕು. ನಡುವೆ ಮನುಷ್ಯರ ದನಿ ಕಿವಿಗೆ ಬಿತ್ತೋ, ಕೆಟ್ಟಿತು. ವಾಪಸು ಹೋಗಿ ಒಂದರಿಂದ ಶುರು. ಇಲ್ಲದಿದ್ದರೆ ಅಕ್ಕನಿಗೆ ಏನೋ ಆಗಿಬಿಡುತ್ತದೆ. ಏನು, ಹೇಗೆ ಎಂದು ಕೇಳಬೇಡಿ. ಸುಳ್ಳೆಂದು ನನಗೂ ಗೊತ್ತು. ಗೊತ್ತಿದ್ದೂ ಕಾಲು ತಾನಾಗಿ ತಿರುಗುತ್ತದೆ.

ಒಂದು ಸಂಜೆ ಒಂಬತ್ತು ಸಲ ಹತ್ತಿಳಿದು ಬಾಗಿಲಲ್ಲೇ ಕುಸಿದಿದ್ದೆ. ಅಂದಿನಿಂದ ಅಕ್ಕ ಮನೆಗೊಂದು ಕಟ್ಟುಪಾಡು ಮಾಡಿದಳು. ನಾಲ್ಕು ಗಂಟೆಗೆ ನನ್ನ ಚಪ್ಪಲಿ ಸದ್ದು ಕೇಳಿದರೆ ರೇಡಿಯೊ ಬಂದ್, ಫೋನ್ ಬಂದ್, ಕೆಳಮನೆಯ ಟೈಲರ ಬಾಯಿಗೂ ಬೀಗ. "ಮಹಾರಾಣಿ ಬರ್ತಿದ್ದಾಳೆ, ಸ್ವಲ್ಪ ಸುಮ್ನಿರಿ" ಎನ್ನುತ್ತಿದ್ದಳಂತೆ. ಹೀಗೆ ಸಹಕರಿಸಿದರೆ ಕಾಯಿಲೆ ಬೆಳೆಯುತ್ತದೆ ಎಂದು ಡಾಕ್ಟರು ಎಚ್ಚರಿಸಿದಾಗ, "ಹೇಳೋದು ಸುಲಭ. ಹತ್ತಿಳಿಯೋಳು ಅವರ ತಂಗಿ ಅಲ್ವಲ್ಲ" ಎಂದು ಗೊಣಗಿದ್ದಳು.

ಮೊನ್ನೆ ಮಂಗಳವಾರ ಹದಿನೇಳನೆಯ ಮೆಟ್ಟಿಲಲ್ಲಿದ್ದಾಗ ಮೇಲಿನಿಂದ "ಪುಟ್ಟೀ!" ಎಂಬ ಕೂಗು ಬಂತು. ನನಗೀಗ ನಲವತ್ತೆರಡು, ಅಕ್ಕನಿಗೆ ಇನ್ನೂ ಪುಟ್ಟಿ. ಆದರೆ ಅದು ಕರೆಯುವ ದನಿಯಲ್ಲ, ನೋವಿನ ದನಿ. ಅಕ್ಕ ಬಿದ್ದಿದ್ದಾಳೆ ಎಂದು ಗೊತ್ತಾಯಿತು. ಬೇರೆ ಯಾರಾದರೂ ಆಗಿದ್ದರೆ ಮೇಲಕ್ಕೆ ಓಡುತ್ತಿದ್ದರು. ನನ್ನ ತಲೆ ಮಾತ್ರ, ಲೆಕ್ಕ ಕೆಟ್ಟಿತು, ಸರಿಮಾಡದೆ ಹತ್ತಿದರೆ ಅಕ್ಕ ಸತ್ತೇ ಹೋಗುತ್ತಾಳೆ ಎಂದು ಬಡಬಡಿಸಿತು. ನಾನು ಕೆಳಗಿಳಿದೆ. ಹೌದು, ಇಳಿದೆ. ಬೈಯುವವರು ಬೈಯಿರಿ.

ಎರಡನೆಯ ಸಲ ಇಪ್ಪತ್ತಾರರಲ್ಲಿ ನರಳಾಟ ಕೇಳಿಸಿತು. ಅಳುತ್ತ ಮತ್ತೆ ಇಳಿದೆ. ಮೂರನೆಯ ಸಲ ಮೇಲಿನಿಂದ ಒಂಚೂರೂ ಸದ್ದಿಲ್ಲ. ಪ್ರಾಣ ಹೋಯಿತೇನೋ ಎನ್ನಿಸಿದರೂ ಬಾಯಿ ಎಣಿಸುತ್ತಲೇ ಇತ್ತು. ಮೂವತ್ತೆಂಟು ಮುಗಿಸಿ ಬಾಗಿಲು ತಳ್ಳಿದೆ.

ಅಕ್ಕ ಅಡುಗೆಮನೆಯ ನೆಲದ ಮೇಲಿದ್ದಳು. ಬಲಗಾಲು ಸೊಟ್ಟಗೆ ತಿರುಗಿತ್ತು, ಮುಖವೆಲ್ಲ ಬೆವರು. ಕೈ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದಳು.

"ಯಾಕಕ್ಕಾ ಸುಮ್ನಾದೆ?"

ಬಟ್ಟೆ ತೆಗೆದಳು. "ಕೂಗಿದ್ರೆ ಮತ್ತೆ ಇಳೀತಿದ್ಯಲ್ಲೇ."

ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಟೈಲರು ಆಂಬುಲೆನ್ಸ್ ಕರೆಸಿದರು. ಸ್ಟ್ರೆಚರ್ ಇಳಿಸುವಾಗ "ಎಡಕ್ಕೆ, ನಿಧಾನ, ಗೋಡೆ ನೋಡ್ಕೊಳಿ" ಎಂದು ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿದ್ದರು. ನನ್ನ ಎಣಿಕೆ ಹನ್ನೊಂದರಲ್ಲೇ ಕೆಟ್ಟುಹೋಯಿತು. ಅಕ್ಕನನ್ನು ಒಳಗೆ ಮಲಗಿಸಿ ಡ್ರೈವರು, "ಜೊತೆಗೆ ಯಾರು ಬರ್ತೀರಿ? ಬೇಗ ಬೇಗ" ಎಂದರು. ನನ್ನ ಕಾಲು ಆಗಲೇ ಮೆಟ್ಟಿಲಿನ ಕಡೆ ತಿರುಗಿತ್ತು.

ಅಕ್ಕ ಮಲಗಿದಲ್ಲಿಂದಲೇ ನೋಡಿದಳು. "ಹೋಗು ಪುಟ್ಟಿ, ಒಂದ್ಸಲ ಮುಗಿಸ್ಕೊಂಡು ಬಾ. ಇವರಿಗೆ ಕಾಯೋಕೆ ಹೇಳ್ತೀನಿ."

ಡ್ರೈವರು ಕಣ್ಣು ಕಣ್ಣು ಬಿಟ್ಟರು. ಮುರಿದ ಕಾಲಿಟ್ಟುಕೊಂಡು ಇವಳು ನಿಜಕ್ಕೂ ಕಾಯುತ್ತಾಳೆ. ನಾನು ಹತ್ತು ಸಲ ಹತ್ತಿಳಿದರೂ ತುಟಿಪಿಟಕ್ಕೆನ್ನದೆ ಕಾಯುತ್ತಾಳೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮೆಟ್ಟಿಲಿಗೆ ಬೆನ್ನು ಹಾಕಿ, ಆಂಬುಲೆನ್ಸ್ ಹತ್ತಿ ಅವಳ ಪಕ್ಕ ಕೂತೆ. ಧೈರ್ಯ ಬಂತು ಅಂದುಕೊಳ್ಳಬೇಡಿ. ಈಗ ಸಾಯುತ್ತಾಳೆ, ಈಗ ಸಾಯುತ್ತಾಳೆ ಎಂದು ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ.

"ಏನೇ ಅದು?"

"ಉಸಿರಾಡ್ತಿದ್ದೀಯಾ ಅಂತ."

"ಪುಟ್ಟೀ, ತುಂಬಾ ನೋಯ್ತಿದೆ ಕಣೇ" ಎಂದಳು. ಆಮೇಲೆ ನನ್ನ ಕೈ ಬಿಗಿಯಾಗಿ ಹಿಡಿದು, ಬೀದಿಗೆಲ್ಲ ಕೇಳುವಂತೆ ಅಳತೊಡಗಿದಳು.